ಗೋಡೆಯ ದೋಷವನ್ನು ಯಂತ್ರದ ಮೇಲೆ ಹೊರಿಸಬೇಡಿರಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ, ಮದರ್‌ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂದು ಒಂದೊಂದನ್ನೇ ವಿಚಾರಿಸಿ ಕೊಂಡುತಂದು, ತಮ್ಮ ಮೊದಲನೆಯ ಗಣಕಯಂತ್ರವನ್ನು ಸ್ವಹಸ್ತದಿಂದ ಜೋಡಿಸಲು ಕುಳಿತುಕೊಳ್ಳುವ ವಿದ್ಯಾರ್ಥಿಗಳ ಉತ್ಸಾಹವು ನಿಜವಾಗಿಯೂ ಶ್ಲಾಘ್ಯವಾದುದು. ಆದರೆ ಜೋಡಣೆಯೆಲ್ಲ ಮುಗಿದು ಸ್ವಿಚ್ಚನ್ನೊತ್ತಿದಾಗ ಯಂತ್ರವು ಮಿಸುಕದೆ ಹೋದರೆ, ಅಥವಾ ಕ್ಯಾಬಿನೆಟ್ಟಿಗೆ ತಗುಲಿದ ಕೈ ಜುಮ್ಮೆಂದರೆ, ಅವರ ಸಂದೇಹವು ಮೊದಲು ಹೋಗಿ ನಿಲ್ಲುವುದು ಮದರ್‌ಬೋರ್ಡಿನ ಮೇಲೆ. ಅಂಗಡಿಯವರೊಡನೆ ವಾಗ್ವಾದ ನಡೆಯುತ್ತದೆ, ಒಂದರ ಬದಲು ಇನ್ನೊಂದು ಬರುತ್ತದೆ, ದೋಷ ಮಾತ್ರ ಇದ್ದಲ್ಲಿಯೇ ಇರುತ್ತದೆ. ವಿದ್ಯುತ್ತಿನ ದೋಷವನ್ನು ಅರಸತಕ್ಕವರು ವಿದ್ಯುತ್ತು ಬರುವ ದಾರಿಯಲ್ಲಿಯೇ ನಡೆಯಬೇಕು, ಎಂದರೆ ಗೋಡೆಯಿಂದ ಆರಂಭಿಸಿ ಯಂತ್ರದ ಒಳಕ್ಕೆ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ; ಏಕೆಂದರೆ ಗೋಡೆಯಲ್ಲಿ ಮೊದಲು ನೋಡಬೇಕಾದ ಅರ್ಥಿಂಗ್ ನಮ್ಮ ಎಷ್ಟೋ ಮನೆಗಳಲ್ಲಿ ಹೆಸರಿಗೆ ಮಾತ್ರ ಇದೆ.

ಕೈ ಜುಮ್ಮೆನ್ನುವುದರ ಕಾರಣವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಎಸ್‌ಎಂಪಿಎಸ್ ಎಂಬುದು ಮನೆಯ 230 ವೋಲ್ಟ್ ವಿದ್ಯುತ್ತನ್ನು ಅತಿ ಶೀಘ್ರವಾಗಿ ತುಂಡರಿಸಿ, 12, 5 ಮತ್ತು 3.3 ವೋಲ್ಟುಗಳನ್ನಾಗಿ ಮಾರ್ಪಡಿಸುವ ಸಾಧನ. ಹಾಗೆ ತುಂಡರಿಸುವಾಗ ಉಂಟಾಗುವ ವಿದ್ಯುತ್ ಕ್ಷೋಭೆಯು ತಂತಿಗಳ ಮೂಲಕ ಹೊರಬೀಳದಂತೆ ತಡೆಯಲು, ಫೇಸ್ ತಂತಿಯಿಂದ ಒಂದು, ನ್ಯೂಟ್ರಲ್ ತಂತಿಯಿಂದ ಒಂದು, ಹೀಗೆ ಎರಡು ಸಣ್ಣ ಕೆಪ್ಯಾಸಿಟರುಗಳನ್ನು ಅದರ ಲೋಹದ ಕವಚಕ್ಕೆ ಜೋಡಿಸಿರುತ್ತಾರೆ. ಕವಚಕ್ಕೆ ಅರ್ಥಿಂಗ್ ಇದ್ದಲ್ಲಿ ಅವುಗಳ ಮೂಲಕ ಸೋರುವ ಅತ್ಯಲ್ಪ ಪ್ರವಾಹವು ಯಾರಿಗೂ ತಿಳಿಯದಂತೆ ನೆಲಕ್ಕಿಳಿದು ಹೋಗುತ್ತದೆ. ಇಲ್ಲದಿದ್ದಲ್ಲಿ ಎರಡರ ನಡುವೆ ಸಿಕ್ಕಿಕೊಂಡ ಕವಚವು ಅರ್ಧದಷ್ಟು, ಎಂದರೆ ಸುಮಾರು 115 ವೋಲ್ಟಿನ ಆಸುಪಾಸಿಗೆ ಏರಿ ನಿಲ್ಲುತ್ತದೆ, ಮತ್ತು ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟಿದವರ ದೇಹವೇ ಆ ಪ್ರವಾಹಕ್ಕೆ ದಾರಿಯಾಗುತ್ತದೆ. ಟೆಸ್ಟರ್ ಹಿಡಿದರೆ ಅದರ ದೀಪ ಮಂದವಾಗಿ ಹೊತ್ತಿಕೊಳ್ಳುತ್ತದೆ. "ಬಾಡಿ ಶಾರ್ಟ್ ಆಗಿದೆ" ಎಂದು ತೀರ್ಪು ಕೊಡುವವರಿಗೆ ಅಷ್ಟು ಸಾಕು. ಯಂತ್ರವಾದರೋ ನಿರ್ದೋಷಿ. ಈ ಸೋರಿಕೆಯು ಸಾಮಾನ್ಯವಾಗಿ ಪ್ರಾಣಾಪಾಯವನ್ನು ತರುವಷ್ಟಿರುವುದಿಲ್ಲ. ಆದರೆ ಅದೇ ಮನೆಯ ಬಚ್ಚಲಿನಲ್ಲಿ ಗೀಸರ್ ಇದೆ, ಅಡುಗೆಮನೆಯಲ್ಲಿ ಗ್ರೈಂಡರ್ ಇದೆ, ಮತ್ತು ಅವುಗಳೊಳಗಿನ ಒಂದು ತಂತಿಯ ಹೊದಿಕೆ ಸವೆದು ಫೇಸ್ ಕವಚಕ್ಕೆ ತಗುಲಿದ ದಿನ, ಒದ್ದೆಗೈಯಿಂದ ಅದನ್ನು ಮುಟ್ಟಿದ ತಾಯಿಗೋ ಮಗುವಿಗೋ ಬಡಿಯುವುದು ಪೂರ್ಣ 230 ವೋಲ್ಟು. ಮಗನ ಗಣಕಯಂತ್ರದ ಜುಮ್ಮನ್ನು ಉಪೇಕ್ಷಿಸಿ, ಚಪ್ಪಲಿ ಹಾಕಿಕೊಂಡು ಕೂಡು ಎಂದು ಹೇಳಿ ಸುಮ್ಮನಾಗುವ ಮನೆಗಳ ವಿಷಯದಲ್ಲಿ ನನಗಿರುವ ಆತಂಕ ಇದು.

ಇದನ್ನು ಪರೀಕ್ಷಿಸಲು ಟೆಸ್ಟರ್ ಸಾಲದು, ಮಲ್ಟಿಮೀಟರ್ ಬೇಕು. ಸಾಕೆಟ್ಟಿನ ಮೇಲಿನ ದೊಡ್ಡ ರಂಧ್ರವು ಅರ್ಥಿಂಗಿಗೆ ಸೇರಿದುದು. ಪ್ಲಗ್ಗಿನಲ್ಲಿ ಆ ಪಿನ್ನನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದು, ವಿದ್ಯುತ್ತಿಗಿಂತ ಮೊದಲು ರಕ್ಷಣೆ ತಲುಪಲಿ, ವಿದ್ಯುತ್ತು ಕಳಚಿದ ಮೇಲೆಯೇ ರಕ್ಷಣೆ ಕಳಚಲಿ ಎಂಬ ಉದ್ದೇಶದಿಂದ. ಬಲ್ಲವರ ಕೈಯಿಂದ ಅಳತೆ ಮಾಡಿಸಿದರೆ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟು ಕಾಣಬೇಕು. ಎರಡನೆಯ ಅಳತೆಯು ಎಲ್ಲಿಯೂ ನಿಲ್ಲದೆ ನಡುವೆ ಓಲಾಡುತ್ತಿದ್ದರೆ, ಆ ರಂಧ್ರದ ಹಿಂದೆ ತಂತಿಯೇ ಇಲ್ಲವೆಂದೋ ಇದ್ದರೂ ಅದು ನೆಲವನ್ನು ಮುಟ್ಟಿಲ್ಲವೆಂದೋ ತಿಳಿಯಬೇಕು. ಭಾರವಾದ ಉಪಕರಣ ನಡೆಯುತ್ತಿರುವಾಗಲೂ ಮೂರನೆಯ ಅಳತೆ ಸೊನ್ನೆಯಲ್ಲಿಯೇ ನಿಂತಿದ್ದರೆ ಶಂಕೆ ಇನ್ನೂ ಹೆಚ್ಚಬೇಕು: ಅರ್ಥಿಂಗ್ ಎಳೆಯುವ ಶ್ರಮವನ್ನು ಉಳಿಸಲು, ಸಾಕೆಟ್ಟಿನ ಒಳಗಡೆಯೇ ನ್ಯೂಟ್ರಲಿನಿಂದ ಅರ್ಥ್ ರಂಧ್ರಕ್ಕೆ ಒಂದು ತುಂಡು ತಂತಿಯನ್ನು ಬಿಗಿದುಬಿಡುವ ಕುಯುಕ್ತಿ ನಮ್ಮಲ್ಲಿ ಬಳಕೆಯಲ್ಲಿದೆ. ಜುಮ್ಮೆನ್ನುವುದು ಅದರಿಂದ ನಿಲ್ಲುತ್ತದೆ, ನಿಜ. ಆದರೆ ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದುಹೋದ ಕ್ಷಣದಲ್ಲಿ ಆ ಸಾಕೆಟ್ಟಿಗೆ ಸೇರಿದ ಉಪಕರಣದ ಲೋಹದ ಮೈಯೆಲ್ಲ ಫೇಸ್ ಆಗುತ್ತದೆ. ಇಂಥದನ್ನು ದುರಸ್ತಿಯೆಂದು ಕರೆಯಲು ನಾನು ಸಿದ್ಧನಿಲ್ಲ.

ಅರ್ಥಿಂಗಿಗಾಗಿ ಅಂಗಳದ ಮೂಲೆಯಲ್ಲಿ ಕುಳಿ ತೋಡಿ, ಇದ್ದಿಲು ಉಪ್ಪುಗಳ ನಡುವೆ ಕಬ್ಬಿಣದ ಕೊಳವೆಯನ್ನು ಹೂತು, ಬೇಸಗೆಯಲ್ಲಿ ಅದಕ್ಕೆ ನೀರು ಹೊಯ್ಯುತ್ತಿದ್ದ ಪದ್ಧತಿಯು ಹಿಂದಿನವರಲ್ಲಿತ್ತು. ಈಗ ಎಷ್ಟೋ ಕಡೆ ಆ ಕುಳಿಯ ಮೇಲೆ ಟೈಲ್ಸ್ ಹಾಸಿ ಕಾರು ನಿಲ್ಲಿಸುತ್ತೇವೆ, ಒಣಗಿದ ನೆಲವು ಪ್ರವಾಹವನ್ನು ಚೆನ್ನಾಗಿ ಒಯ್ಯಲಾರದೆಂಬುದನ್ನು ಮರೆಯುತ್ತೇವೆ. 30 ಮಿಲಿಆಂಪಿಯರ್ ಸೋರಿದರೆ ಸಾಕು ಸಂಪರ್ಕವನ್ನು ಕಡಿದುಹಾಕುವ ಆರ್‌ಸಿಸಿಬಿಯನ್ನು ಕೂಡ, ಪದೇ ಪದೇ ಬೀಳುತ್ತದೆಂಬ ಕಾರಣಕ್ಕೆ ತೆಗೆಸಿಹಾಕುವವರಿದ್ದಾರೆ.

ಗೋಡೆಯಲ್ಲಿ ದೋಷವಿಲ್ಲವೆಂದು ಖಚಿತವಾದ ಮೇಲೆ ಯಂತ್ರದ ಒಳಕ್ಕೆ ಬರಬಹುದು. ಸ್ವಿಚ್ಚನ್ನೊತ್ತಿದೊಡನೆ ಫ್ಯಾನು ಒಮ್ಮೆ ಅದುರಿ ನಿಂತುಬಿಟ್ಟರೆ, ಎಸ್‌ಎಂಪಿಎಸ್ ಎಲ್ಲಿಯೋ ಶಾರ್ಟ್ ಕಂಡು ತನ್ನನ್ನು ತಾನೇ ನಿಲ್ಲಿಸಿಕೊಂಡಿರುವ ಸಂಭವ ಹೆಚ್ಚು; ಕ್ಯಾಬಿನೆಟ್ಟಿನ ತಟ್ಟೆಯ ಮೇಲೆ ಬೇಡದ ಜಾಗದಲ್ಲಿ ಉಳಿದ ಒಂದು ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗುಬುಟು) ಬೋರ್ಡಿನ ಬೆನ್ನಿನ ಬೆಸುಗೆಗೆ ತಗುಲಿದರೂ ಇಷ್ಟಾಗುತ್ತದೆ. ಪ್ಲಗ್ ಕಿತ್ತು, ಬೋರ್ಡನ್ನು ಹೊರತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿರಿಸಿ, ಪ್ರೊಸೆಸರ್, ಕೂಲರ್ ಮತ್ತು ಒಂದೇ ಒಂದು ರ‍್ಯಾಮ್ ಇಟ್ಟುಕೊಂಡು ನಡೆಸಿ ನೋಡಬೇಕು. ಅಲ್ಲಿ ನಡೆದರೆ ಬೋರ್ಡು ನಿರಪರಾಧಿ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ, 24 ಪಿನ್ನಿನ ಕನೆಕ್ಟರನ್ನು ಸಿಕ್ಕಿಸಿ ಪ್ರೊಸೆಸರಿನ ಬಳಿಯ 8 ಪಿನ್ನಿನದನ್ನು ಮರೆತಿರುವುದುಂಟು. ಒಂದು ಕಂಪನಿಯ ಎಸ್‌ಎಂಪಿಎಸ್‌ಗೆ ಇನ್ನೊಂದರ ಬಿಡಿ ಕೇಬಲ್ ಕೂತಿತೆಂದು ಹಾಕಬಾರದು. ಕೇಬಲ್ಲಿನ ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ನುಗಳ ಕ್ರಮಕ್ಕೆ ಸಾಮಾನ್ಯ ನಿಯಮವಿಲ್ಲ, ಡಿಸ್ಕುಗಳು ಸುಟ್ಟುಹೋಗುತ್ತವೆ. ಎಸ್‌ಎಂಪಿಎಸ್‌ನ ಕವಚವನ್ನಂತೂ ಬಿಚ್ಚಲೇಕೂಡದು. ಅದರೊಳಗಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಈ ಭಾಗಗಳನ್ನು ಮಾರುವ ವರ್ತಕರು, ಮೊದಲ ಸಲ ಕೊಳ್ಳಲು ಬಂದ ವಿದ್ಯಾರ್ಥಿಯನ್ನು "ನಿಮ್ಮ ಮನೆಯ ಅರ್ಥಿಂಗ್ ನೋಡಿಸಿದ್ದೀರಾ?" ಎಂದು ಒಂದು ಮಾತು ಕೇಳಿದರೆ ಅವರಿಗೆ ನಷ್ಟವೇನೂ ಇಲ್ಲ. ತಂದೆತಾಯಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮಕ್ಕಳ ಕೈಗೆ ಎಸ್‌ಎಂಪಿಎಸ್‌ಗೆಂದು ಹಣ ಕೊಡುವ ಮುನ್ನ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನರನ್ನು ಕರೆಸಿ, ಆ ಕೋಣೆಯ ಸಾಕೆಟ್ಟನ್ನೂ, ಅದರ ಜೊತೆಗೆ ಬಚ್ಚಲಿನ ಗೀಸರಿನ ಸಾಕೆಟ್ಟನ್ನೂ ನಿಮ್ಮ ಕಣ್ಣೆದುರಿಗೇ ಅಳೆಯಿಸಿರಿ.