ಗೃಹವಿಚಾರ: ದಾರಿ ಹೇಳುವವನು ಯಾರು?

ಪರಸ್ಥಳದಲ್ಲಿ ಮನೆಯೊಂದನ್ನು ಹುಡುಕಿ ಹೊರಟವನು ದಾರಿ ಬಲ್ಲವರನ್ನು ಕೇಳಬೇಕಷ್ಟೆ. ಅಂತರಜಾಲದಲ್ಲಿಯೂ ಹಾಗೆಯೇ. ಬ್ಯಾಂಕಿನದಾಗಲಿ ಪತ್ರಿಕೆಯದಾಗಲಿ, ನಾವು ಬರೆಯುವುದು ಹೆಸರನ್ನು. ಯಂತ್ರಗಳಿಗೆ ಬೇಕಾದುದು ಅಂಕೆಗಳು. ಹೆಸರಿಗೆ ತಕ್ಕ ಅಂಕೆಯನ್ನು ತಿಳಿಸುವ ಏರ್ಪಾಡೇ ಡಿಎನ್‌ಎಸ್. ಅಮೆರಿಕದ ಪಾಲ್ ಮೋಕಪೆಟ್ರಿಸ್ ಎಂಬವರು ಇದನ್ನು 1983ರಲ್ಲಿ ರೂಪಿಸಿದರು.

ಸಾಮಾನ್ಯವಾಗಿ ಈ ಕಾರ್ಯವನ್ನು ನಮಗೆ ಅಂತರಜಾಲವನ್ನು ಒದಗಿಸುವ ಕಂಪೆನಿಯ ಸರ್ವರೇ ಮಾಡುತ್ತದೆ. ಅದು ಕೆಟ್ಟು ನಿಂತರೆ, ಸಂಪರ್ಕವು ಸರಿಯಾಗಿದ್ದರೂ ಪುಟಗಳು ತೆರೆಯವು. ಇಲ್ಲದ ಹೆಸರನ್ನು ಕೇಳಿದವರಿಗೆ 'ಇಲ್ಲ' ಎನ್ನದೆ ತಮ್ಮ ಜಾಹೀರಾತನ್ನು ತೋರಿಸಿದ ಕಂಪೆನಿಗಳೂ ಉಂಟು. ಇದಕ್ಕಿಂತ ಯೋಚಿಸತಕ್ಕ ಸಂಗತಿ ಬೇರೊಂದಿದೆ. ಮನೆಯವರು ಯಾವ ರೋಗದ ವಿಚಾರವನ್ನು ತಿಳಿಯಹೋದರು, ಯಾವ ಸಾಲದ ಸಂಸ್ಥೆಯನ್ನು ವಿಚಾರಿಸಿದರು ಎಂಬುದನ್ನು ಕೇಳಿದ ಹೆಸರುಗಳಿಂದಲೇ ಊಹಿಸಬಹುದು.

ಬೇರೆ ಸರ್ವರನ್ನು ಆರಿಸಿಕೊಳ್ಳಲು ಹಣವನ್ನು ತೆರಬೇಕಾಗಿಲ್ಲ. ಗೂಗಲ್ ಕಂಪೆನಿಯು 2009ರಲ್ಲಿ 8.8.8.8 ಎಂಬುದನ್ನೂ, ಕ್ಲೌಡ್‌ಫ್ಲೇರ್ 2018ರಲ್ಲಿ 1.1.1.1 ಎಂಬುದನ್ನೂ ಸಾರ್ವಜನಿಕರಿಗೆ ತೆರೆದವು. 2017ರಲ್ಲಿ ಬಂದ ಕ್ವಾಡ್9 ಲಾಭಾಪೇಕ್ಷೆಯಿಲ್ಲದ ಸಂಸ್ಥೆ, ಈಗ ಸ್ವಿಟ್ಜರ್ಲೆಂಡಿನಲ್ಲಿದೆ. ಅದರ 9.9.9.9 ಎಂಬ ಸರ್ವರು, ವಂಚಕ ತಾಣಗಳೆಂದು ಗೊತ್ತಾದವುಗಳ ದಾರಿಯನ್ನು ಹೇಳುವುದೇ ಇಲ್ಲ. ಮಕ್ಕಳಿರುವ ಮನೆಗೆ ಕ್ಲೌಡ್‌ಫ್ಲೇರಿನ 1.1.1.3 ಉಚಿತವೆಂದು ನನ್ನ ಅಭಿಪ್ರಾಯ; ಅದು ಅಶ್ಲೀಲ ತಾಣಗಳನ್ನೂ ತಡೆಯುತ್ತದೆ.

ರೂಟರಿನಲ್ಲಿ ಬದಲಾಯಿಸಿದರೆ ಸಾಮಾನ್ಯವಾಗಿ ಮನೆಯ ಉಪಕರಣಗಳಿಗೆಲ್ಲ ಅದೇ ಅನ್ವಯಿಸುವುದು. ಹಳೆಯ ಅಂಕೆಗಳನ್ನು ಮೊದಲು ಬರೆದಿಟ್ಟುಕೊಳ್ಳತಕ್ಕದ್ದು. ಎರಡನೆಯ ಅಂಕೆಯನ್ನೂ ಅದೇ ಸೇವೆಯಿಂದಲೇ ತುಂಬಬೇಕು, 1.1.1.3ಕ್ಕೆ ಜೊತೆ 1.0.0.3. ಒಂದು ತಡೆಯುವುದೂ ಇನ್ನೊಂದು ತಡೆಯದುದೂ ಆದರೆ ಕಾವಲು ವ್ಯರ್ಥ. ಯಂತ್ರವು ಎರಡರಲ್ಲಿ ಯಾವುದನ್ನಾದರೂ ಕೇಳಬಹುದು.

ಆದರೆ ಭ್ರಮೆ ಬೇಡ. ಅಂಕೆಯನ್ನಷ್ಟೇ ಬದಲಾಯಿಸಿದರೆ ನಮ್ಮ ಪ್ರಶ್ನೆಯು ತೆರೆದ ಕಾಗದದಂತೆ ಹಳೆಯ ಕಂಪೆನಿಯ ಕೈಯನ್ನು ದಾಟಿಯೇ ಹೋಗುವುದು. ಅದನ್ನು ಲಕೋಟೆಯಲ್ಲಿಟ್ಟು ಕಳುಹಿಸಬೇಕಾದರೆ, ಆಂಡ್ರಾಯ್ಡ್ 9 ಅಥವಾ ಅದರ ಮುಂದಿನ ಫೋನುಗಳಲ್ಲಿ 'ಪ್ರೈವೇಟ್ ಡಿಎನ್‌ಎಸ್' ಎಂಬಲ್ಲಿ ಆರಿಸಿದ ಸೇವೆಯ ಹೆಸರನ್ನು ಬರೆಯಬೇಕು. ಆಗಲೂ ನಾವು ಯಾವ ಅಂಕೆಯ ಕಡೆಗೆ ಹೋದೆವೆಂಬುದು ಕಂಪೆನಿಗೆ ಕಾಣದಿರದು. ಇತ್ತ ಹೊಸ ಸರ್ವರಿಗೆ ನಮ್ಮ ಪ್ರಶ್ನೆಗಳೆಲ್ಲವೂ ತಿಳಿದೇ ತಿಳಿಯುವುವು.

ಹೀಗಿರುವಲ್ಲಿ ಸರ್ವರನ್ನು ಬದಲಾಯಿಸುವುದೆಂದರೆ ನಂಬಿಕೆಯನ್ನು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಒಪ್ಪಿಸುವುದೇ ಸರಿ. ವಿಚಾರಿಸದೆ ಮನೆಗೆ ವೈದ್ಯರನ್ನು ಗೊತ್ತುಮಾಡದ ಗೃಹಸ್ಥರು, ಮನೆಮಂದಿಗೆಲ್ಲ ದಿನವೂ ದಾರಿ ಹೇಳುವವನನ್ನೂ ವಿಚಾರಿಸಿಯೇ ಆರಿಸುವುದು ಲೇಸು.