ಒಂದೆಲಗವನ್ನು ಔಷಧಿ ಅಂತ ಮಾರಬೇಡಿ, ಸೊಪ್ಪು ಅಂತ ಮಾರಿ

ಒಂದೆಲಗದ ಬಗ್ಗೆ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಸಂದೇಶ ಓಡಾಡುತ್ತೆ. ನೆನಪಿನ ಶಕ್ತಿ ಹೆಚ್ಚುತ್ತೆ, ಸಕ್ಕರೆ ಕಾಯಿಲೆ ವಾಸಿಯಾಗುತ್ತೆ, ಕೂದಲು ಉದುರೋದು ನಿಲ್ಲುತ್ತೆ. ಇದನ್ನೇ ಲೇಬಲ್ ಮೇಲೆ ಅಚ್ಚು ಹಾಕಿಸಿ ಪುಡಿ ಮಾರುವ ಯುವ ರೈತರೂ ಇದ್ದಾರೆ. ನಾನು ತೋಟಗಾರಿಕೆ ಓದಿ, ಈಗ ಸಾವಯವ ಪದ್ಧತಿಯಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಿದ್ದೇನೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಒಂದೆಲಗ ಒಳ್ಳೆಯ ಸೊಪ್ಪು, ಅದನ್ನು ಸೊಪ್ಪಾಗಿಯೇ ಮಾರಿ. ಯಾವ ರೋಗಕ್ಕೆ ಒಳ್ಳೇದು ಅನ್ನೋದಕ್ಕಿಂತ ಯಾವ ನೀರಲ್ಲಿ ಬೆಳೆದಿದ್ದು ಅನ್ನೋದು ತಿನ್ನುವವರಿಗೆ ಮುಖ್ಯ.

ಗುಣ ಇದೆ, ಪವಾಡ ಇಲ್ಲ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ತುಳುವಿನಲ್ಲಿ ತಿಮರೆ. ಆಯುರ್ವೇದದ ಮಂಡೂಕಪರ್ಣಿ ಇದೇ. ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ಸಣ್ಣ, ದಪ್ಪ ಎಲೆಯ ನೀರುಬ್ರಾಹ್ಮಿ ಬೇರೆಯೇ ಗಿಡ. ನೆನಪಿನ ಶಕ್ತಿಯ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹಲವು ನೀರುಬ್ರಾಹ್ಮಿಯ ಮೇಲೆ ನಡೆದವು. ಅವುಗಳ ಫಲಿತಾಂಶ ತಂದು ಒಂದೆಲಗಕ್ಕೆ ಅಂಟಿಸೋದು ಸರಿಯಲ್ಲ.

ಹಾಗಂತ ಒಂದೆಲಗದಲ್ಲಿ ಏನೂ ಇಲ್ಲ ಅಂತಲ್ಲ. ಅದರಲ್ಲಿರುವ ಏಷಿಯಾಟಿಕೋಸೈಡ್ ಅನ್ನುವ ಅಂಶವನ್ನು ಗಾಯ ಮಾಯಿಸುವ ಮುಲಾಮುಗಳಲ್ಲಿ ಬಳಸುತ್ತಾರೆ. ಆದರೆ ಅದು ಅಳತೆ ಮಾಡಿ ತೆಗೆದ ಸಾರ. ನಮ್ಮ ಒಂದು ಹಿಡಿ ಎಲೆಗೂ ಅದಕ್ಕೂ ಹೋಲಿಕೆ ಇಲ್ಲ. ಸಾರದ ಮಾತ್ರೆ ತಿಂದ ಕೆಲವರಿಗೆ ಯಕೃತ್ತಿನ ತೊಂದರೆಯಾದ ವರದಿಗಳೂ ಇವೆ. ಊಟಕ್ಕೆ ಬಳಸೋದು ಬೇರೆ, ಚಮಚ ಚಮಚ ಪುಡಿ ನುಂಗೋದು ಬೇರೆ. ಗರ್ಭಿಣಿಯರು, ಯಕೃತ್ತಿನ ಸಮಸ್ಯೆ ಇರುವವರು ವೈದ್ಯರನ್ನು ಕೇಳಿಯೇ ತಗೊಳ್ಳಲಿ.

ಇನ್ನು ಕಾನೂನು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡದಂಥ ಕಾಯಿಲೆ ವಾಸಿ ಮಾಡುತ್ತೆ ಅಂತ ಜಾಹೀರಾತು ಕೊಡೋದು ಅಪರಾಧ. ವಾಟ್ಸಾಪ್ ಸ್ಟೇಟಸ್ ಹಾಕೋ ಮುಂಚೆ ಇದು ನೆನಪಿರಲಿ.

ತಂಬುಳಿಗೆ ಕುದಿಸೋ ಮಾತೇ ಇಲ್ಲ

ಮಲೆನಾಡು, ಕರಾವಳಿ ಕಡೆ ಒಂದೆಲಗ ಅಂದರೆ ತಂಬುಳಿ. ಒಂದು ಹಿಡಿ ಎಲೆ ತೊಳೆದುಕೊಳ್ಳಿ. ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ತುಪ್ಪದಲ್ಲಿ ಹುರಿದು, ಎರಡು ಮೂರು ಚಮಚ ತೆಂಗಿನತುರಿ ಜೊತೆ ನುಣ್ಣಗೆ ಅರೆಯಿರಿ. ಮಜ್ಜಿಗೆ, ಉಪ್ಪು ಸೇರಿಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಆಯ್ತು. ಬೇಸಿಗೆಯಲ್ಲಿ ಅನ್ನಕ್ಕೆ ಇಷ್ಟು ತಂಪಾದದ್ದು ಇನ್ನೊಂದಿಲ್ಲ. ಹುಣಸೆಹಣ್ಣು, ಹಸಿಮೆಣಸು ಹಾಕಿ ಅರೆದರೆ ಗಟ್ಟಿ ಚಟ್ನಿ.

ಇಲ್ಲೇ ಇರೋದು ನಮ್ಮ ಜವಾಬ್ದಾರಿ. ಹಲವು ಮನೆಗಳಲ್ಲಿ ಈ ಎಲೆಯನ್ನು ಹುರಿಯೋದೂ ಇಲ್ಲ, ಬೇಯಿಸೋದೂ ಇಲ್ಲ. ಎಲೆ ನೆಲಕ್ಕೆ ತಾಗಿಯೇ ಹಬ್ಬುತ್ತೆ. ನೆಲದಲ್ಲಿ ಇದ್ದದ್ದು ನೇರ ತಟ್ಟೆಗೆ ಬರುತ್ತೆ.

"ಅಜ್ಜಿ ಕಾಲದಲ್ಲಿ ಬಚ್ಚಲ ನೀರು ಹೋಗೋ ಜಾಗದ ಒಂದೆಲಗ ತಿಂದಿಲ್ವಾ?" ಅಂತ ಕೇಳ್ತಾರೆ. ತಿಂದಿದ್ದಾರೆ. ಆಗ ಬಚ್ಚಲಿನಿಂದ ಹರಿಯುತ್ತಿದ್ದದ್ದು ಸೀಗೆಪುಡಿ, ಈಗ ಡಿಟರ್ಜೆಂಟ್, ಫಿನಾಯಿಲ್. ಅಜ್ಜಿ ಕಿತ್ತ ಕೂಡಲೇ ಅರೆಯುತ್ತಿದ್ದರು. ನಮ್ಮ ಸೊಪ್ಪು ರಾತ್ರಿಯಿಡೀ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತೆ.

ಸಾವಯವದವರಿಗೆ ಇಷ್ಟವಾಗದ ಒಂದು ಮಾತನ್ನೂ ಹೇಳಬೇಕು. ಜೀವಾಮೃತ ಅಂದರೆ ಹಸಿ ಸಗಣಿ, ಗಂಜಲ. ಕೊಯ್ಲಿಗೆ ಬಂದ ಒಂದೆಲಗದ ಮೇಲೆ ಅದನ್ನು ಸಿಂಪಡಿಸಬೇಡಿ. ಅಮೆರಿಕದ ಸಾವಯವ ನಿಯಮದಲ್ಲಿ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ ಅಂತರ ಇರಲೇಬೇಕು. ನಾವು ಪೂರ್ತಿ ಕಳಿತ ಕಾಂಪೋಸ್ಟ್ ಅಷ್ಟೇ ಹಾಕಿದರೆ ಈ ಚಿಂತೆ ಇಲ್ಲ.

ಅಡಿಕೆ ತೋಟದವರಿಗೆ ಇನ್ನೊಂದು. ನೆರಳು, ತೇವ ಎರಡೂ ಇರೋದರಿಂದ ಅಲ್ಲಿ ಒಂದೆಲಗ ಚೆನ್ನಾಗಿ ಹಬ್ಬುತ್ತೆ. ಆದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣ, ಗೊನೆಯಿಂದ ತೊಟ್ಟಿಕ್ಕಿ ಇದೇ ಎಲೆಗಳ ಮೇಲೆ ಬೀಳುತ್ತೆ. ಮಾರುವ ಸೊಪ್ಪಿಗೆ ಆ ಜಾಗ ಬೇಡ.

ಬೇರೆ ಮಡಿ ಮಾಡಿ

ಬಾಳೆಯ ನೆರಳಲ್ಲೋ ನೆರಳುಬಲೆ ಕೆಳಗೋ ಏರುಮಡಿ ಮಾಡಿ, ಬೇರು ಬಿಟ್ಟ ಗೆಣ್ಣುಗಳನ್ನು ಅರ್ಧ ಅಡಿಗೊಂದರಂತೆ ನೆಡಿ. ಬಾವಿ ಅಥವಾ ಬೋರ್‌ವೆಲ್ ನೀರು ಕೊಡಿ, ಆ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ನಾಯಿ, ಕೋಳಿ ಬರದಂತೆ ಬೇಲಿ ಇರಲಿ. ಸುಮಾರು ಮೂರು ತಿಂಗಳಿಗೆ ಮೊದಲ ಕೊಯ್ಲು ಸಿಗುತ್ತೆ. ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತೆ.

ಆಮೇಲೆ ಲೇಬಲ್ ಮೇಲೆ ನಾಲ್ಕೇ ವಿಷಯ ಬರೆಯಿರಿ: ಬೆಳೆದ ಊರು, ಹಾಯಿಸಿದ ನೀರು, ಕೊಯ್ದ ದಿನ, ತಂಬುಳಿ ಮಾಡುವ ವಿಧಾನ. ರೋಗ ವಾಸಿಯಾಗುತ್ತೆ ಅಂತ ನಂಬಿ ಕೊಂಡವರು ಆಗದಿದ್ದರೆ ಎರಡನೇ ಸಲ ಬರಲ್ಲ. ತಂಬುಳಿ ರುಚಿ ಹತ್ತಿದವರು ಪ್ರತಿ ವಾರ ಬರ್ತಾರೆ.