ನೆಂಟರ ಜೊತೆ ನಾವೂ ಹೊರಡುವ

ರಜೆ ಶುರುವಾದರೆ ನಮ್ಮ ಕುಕ್ಕುಂದೂರು, ಕಾರ್ಕಳದ ಕಡೆ ನೆಂಟರು ಬರುವುದು ಇದ್ದದ್ದೇ. ಗೊಮ್ಮಟ ಬೆಟ್ಟ, ಚತುರ್ಮುಖ ಬಸದಿ, ವರಂಗ ಅಂತ ಅವರನ್ನು ತಿರುಗಿಸಲಿಕ್ಕೆ ಗಂಡಸರು, ಮಕ್ಕಳು ಹೋಗ್ತಾರೆ. ನಾವು? "ನೀವು ಹೋಗಿ ಬನ್ನಿ, ಬರುವಾಗ ಊಟ ರೆಡಿ ಇರ್ತದೆ" ಅಂತ ಅಡುಗೆ ಕೋಣೆಯಲ್ಲೇ ಉಳಿತೇವೆ. ಈ ಕ್ರಮ ಸಾಕು ಅಂತ ನನ್ನ ಅಭಿಪ್ರಾಯ.

ನನ್ನ ನಾದಿನಿ ಇರುವುದು ನೈರೋಬಿಯಲ್ಲಿ. ಅಲ್ಲಿ ಪೇಟೆಯ ಪಕ್ಕದಲ್ಲೇ 1946ರಲ್ಲಿ ಆದ ರಾಷ್ಟ್ರೀಯ ಉದ್ಯಾನ ಉಂಟು. ಹಿಂದೆ ದೊಡ್ಡ ದೊಡ್ಡ ಕಟ್ಟಡ, ಎದುರಲ್ಲಿ ಸಿಂಹ, ಜಿರಾಫೆ! ಊರಿಂದ ಯಾರು ಹೋದರೂ ಬೆಳಗಾಗುವ ಮೊದಲೇ ಚಿತ್ರಾನ್ನ ಕಟ್ಟಿಕೊಂಡು ಅವಳೂ ಗಾಡಿಯಲ್ಲಿ ಕೂತಾಯ್ತು. ಊರು ತೋರಿಸುವುದೂ ಮನೆಯವಳದ್ದೇ ಕೆಲಸ ಅಂತ ಅವಳ ಲೆಕ್ಕ.

ನಮ್ಮಲ್ಲಿ ನೋಡಲಿಕ್ಕೆ ಎಂತ ಕಡಿಮೆ? 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ ಒಂದೇ ಕಲ್ಲಿನದ್ದು, 42 ಅಡಿ. ಚತುರ್ಮುಖ ಬಸದಿ 1586ರದ್ದು. ನಾಲ್ಕೂ ದಿಕ್ಕಿಗೆ ಬಾಗಿಲು, ಯಾವುದರಲ್ಲಿ ಹೋದರೂ ಎದುರಿಗೆ ಮೂವರು ತೀರ್ಥಂಕರರು. ವರಂಗದ ಬಸದಿಗೆ ಕೆರೆಯಲ್ಲಿ ದೋಣಿ ಹತ್ತಿಯೇ ಹೋಗಬೇಕು.

"ನಮ್ಮ ಊರಿನದ್ದೇ ಅಲ್ವಾ, ಯಾವಾಗ ಬೇಕಾದ್ರೂ ನೋಡಬಹುದು" ಅನ್ನುವುದೇ ಮೋಸ. ನೆರೆಮನೆಯ ಅಕ್ಕ ಒಬ್ಬರು ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಎಷ್ಟೋ ನೆಂಟರಿಗೆ ಬೆಟ್ಟದ ದಾರಿ ಹೇಳಿ ಕಳಿಸಿದ್ದಾರೆ, ತಾವು ಒಮ್ಮೆಯೂ ಹತ್ತಲಿಲ್ಲ. ಈಗ ಹತ್ತುವ ಅಂದ್ರೆ ಮೊಣಗಂಟು ಬಿಡುವುದಿಲ್ಲ.

ನೆಂಟರಿಗೆ ಬಿಸಿ ಊಟ ಬೇಡವಾ ಅಂತ ಕೇಳ್ತೀರಿ. ಬೇಕು. ಆದ್ರೆ ನೀರುದೋಸೆ ಹಿಡಿದರೆ ಕಾವಲಿಯ ಬುಡ ಬಿಟ್ಟು ಏಳಲಿಕ್ಕಿಲ್ಲ. ಪುಂಡಿ ಆದ್ರೆ ಒಂದೇ ಸಲ ಬೇಯಿಸಿ ಎಲ್ಲರೂ ಒಟ್ಟಿಗೆ ತಿಂದು, ಬಂಡೆ ಕಾಯುವ ಮೊದಲು ಹೊರಡಬಹುದು. ಮಧ್ಯಾಹ್ನ ಬಂದು ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ. ದೂರದಿಂದ ಬಂದವರಿಗೆ ಅದೇ ರುಚಿ, ಮಾರಾಯ್ರೆ!

ಈ ಸಲ ಕಾರಲ್ಲಿ ನಿಮ್ಮದೊಂದು ಸೀಟು ಮೊದಲೇ ಹೇಳಿಡಿ. ಅತ್ತೆಗೂ ಒಂದು.